ಟ್ಯಾಲಿ ಆಗದ ಹೊಟ್ಟೆನೋವು

ಕಂಪ್ಯೂಟರ್ ಬರುವ ಮುಂಚಿನ ಮಾತು. ಜೂನ್ ಮತ್ತು ಡಿಸೆಂಬರ್ ತಿಂಗಳ ಕೊನೆ ಬಂತೆಂದರೆ ಬ್ಯಾಂಕಿನ ಗುಮಾಸ್ತರಾದ ನಮಗೆ ಮನೆ ಮಠ ಮರೆತುಹೋಗುತ್ತಿತ್ತು. ಲೆಡ್ಜರುಗಳ ಬಾಕಿಯನ್ನೆಲ್ಲ ಕೂಡಿ ಜನರಲ್ ಲೆಡ್ಜರಿನ ಮೊತ್ತಕ್ಕೆ ಹೊಂದಿಸಬೇಕು. ಒಂದು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಹೋಗುವ ಹಾಗಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಗುಮಾಸ್ತರೊಬ್ಬರು ಒಂದು ಗುಟ್ಟು ಹೇಳಿಕೊಟ್ಟರು. "ವ್ಯತ್ಯಾಸವನ್ನ ಒಂಬತ್ತರಿಂದ ಭಾಗಿಸಿ ನೋಡಯ್ಯ. ಶೇಷ ಉಳೀಲಿಲ್ಲ ಅಂದ್ರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು." 72ನ್ನು 27 ಎಂದು ಬರೆದರೆ ವ್ಯತ್ಯಾಸ 45. 540ನ್ನು 450 ಎಂದು ಬರೆದರೆ ವ್ಯತ್ಯಾಸ 90. ಮಕ್ಕಳೇ, ನೀವೂ ಬೇರೆ ಅಂಕಿ ಹಾಕಿ ನೋಡಿ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಒಂಬತ್ತರಿಂದ ಭಾಗವಾಗಿಯೇ ಆಗುತ್ತದೆ.

ಅವರು ಇನ್ನೊಂದು ಮಾತನ್ನೂ ಹೇಳಿದ್ದರು. "ಹುಡುಕುವಾಗ ಒಂದು ತಪ್ಪು ಸಿಕ್ಕಿತು ಅಂತ ಪುಸ್ತಕ ಮುಚ್ಚಿಬಿಡಬೇಡ. ಸಿಕ್ಕಿದ ತಪ್ಪೂ ನಿನ್ನ ವ್ಯತ್ಯಾಸವೂ ಒಂದೇನಾ ನೋಡು."

ಆ ಮಾತಿನ ಬೆಲೆ ನನಗೆ ಪೂರ್ತಿ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ, ಹೊಟ್ಟೆನೋವು ಬಂದಾಗ.

ಎರಡು ವರ್ಷದ ಹಿಂದಿನ ಕಾರ್ತೀಕ ಮಾಸ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹೊಕ್ಕುಳಿನ ಬಲಕ್ಕೆ, ಮೂರು ಬೆರಳು ಆಚೆ, ಸೂಜಿ ಚುಚ್ಚಿದಂತಾಯಿತು. ಅರೆ ಕ್ಷಣದಲ್ಲಿ ಹೋಯಿತು. ಹಿಂದಿನ ರಾತ್ರಿ ತಿಂದ ಬೋಂಡಾದ ಮೇಲೆ ಅಪವಾದ ಹೊರಿಸಿ ಸುಮ್ಮನಾದೆ. ಮರುದಿನವೂ ಬಂತು. ವಾರ ಕಳೆಯುವುದರಲ್ಲಿ ಚುಚ್ಚು ಹೋಗಿ ಉರಿ ಬಂತು. ಒಮ್ಮೊಮ್ಮೆ ಗಂಟೆಗಟ್ಟಲೆ ಇರುತ್ತಿತ್ತು.

ನಮ್ಮ ಮನೆಯಲ್ಲಿ ಹೊಟ್ಟೆನೋವಿಗೆ ಮೊದಲ ಆಸ್ಪತ್ರೆ ಅಡುಗೆಮನೆ. ನನ್ನಾಕೆ ಓಮದ ಕಷಾಯ ಮಾಡಿದಳು, ಇಂಗು ಹಾಕಿದ ಮಜ್ಜಿಗೆ ಕೊಟ್ಟಳು, ಮೆಂತ್ಯ ನೆನೆಸಿಟ್ಟಳು. ಕರಿದದ್ದು ನಿಂತಿತು, ಖಾರ ನಿಂತಿತು, ಕೊನೆಗೆ ಬೆಳಗಿನ ಕಾಫಿಯೂ ನಿಂತಿತು. ಮೈಸೂರಿನವನೊಬ್ಬ ಕಾಫಿ ಬಿಟ್ಟನೆಂದರೆ ನೋವು ಎಷ್ಟಿತ್ತೆಂದು ನೀವೇ ಅಂದಾಜು ಮಾಡಿ. ಆದರೂ ನೋವು ತನ್ನ ಜಾಗ ಬಿಟ್ಟು ಕದಲಲಿಲ್ಲ.

ಬಡಾವಣೆಯ ಡಾಕ್ಟರು ಗ್ಯಾಸ್ ಎಂದರು. ಹದಿನೈದು ದಿನ ಮಾತ್ರೆ ನುಂಗಿದೆ, ಕಡಿಮೆಯಾಗಲಿಲ್ಲ. ಮುಂದೆ ರಕ್ತ, ಮೂತ್ರ, ಮಲ ಎಲ್ಲದರ ಪರೀಕ್ಷೆ ಆಯಿತು. ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡಿದರು. ಇನ್ನೊಂದು ದಿನ ಕೆಳಗಿನಿಂದ ಕಳಿಸಿ ದೊಡ್ಡ ಕರುಳನ್ನೂ ನೋಡಿದರು. ಸಿ.ಟಿ. ಸ್ಕ್ಯಾನೂ ಆಯಿತು. ಪ್ರತಿ ಸಲವೂ ಲಕೋಟೆ ಒಡೆಯುವಾಗ ಎದೆ ಡವಡವ. ಒಳಗೆ ಮಾತ್ರ ಒಂದೇ ಮಾತು, ನಾರ್ಮಲ್.

ಹುಷಾರಿಲ್ಲದವನಿಗೆ ನಾರ್ಮಲ್ ಎಂಬ ಪದ ಎಷ್ಟು ಕಷ್ಟ ಕೊಡುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಮೊದಲ ದಿನ ಸಮಾಧಾನ. ಸದ್ಯ, ದೊಡ್ಡ ಕಾಯಿಲೆ ಇಲ್ಲವಲ್ಲ ಎಂದು ಚಾಮುಂಡಿ ಬೆಟ್ಟದ ಕಡೆ ತಿರುಗಿ ಕೈಮುಗಿಯುತ್ತೇವೆ. ಎರಡನೆಯ ದಿನ ಅನುಮಾನ. ಮೂರನೆಯ ದಿನದಿಂದ ಮನೆಯವರ ಮುಖ ನೋಡುವುದಕ್ಕೇ ಸಂಕೋಚ. ಎಲ್ಲ ಸರಿಯಿದೆ ಎಂದು ಕಾಗದ ಹೇಳುತ್ತಿರುವಾಗ "ನೋಯುತ್ತಿದೆ" ಎನ್ನಲು ಬಾಯಿ ಬರುವುದಿಲ್ಲ. ಮಗ ಒಂದು ಸಂಜೆ ಮೆಲ್ಲಗೆ, "ಅಪ್ಪ, ಟೆನ್ಷನ್ ಇರಬಹುದೇನೋ. ಸುಮ್ನೆ ಅದನ್ನೇ ಯೋಚನೆ ಮಾಡ್ಬೇಡಿ" ಎಂದ. ಅವನು ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ರಾತ್ರಿ ನನಗೆ ಹೊಟ್ಟೆಗಿಂತ ಮನಸ್ಸು ಹೆಚ್ಚು ನೋಯಿತು.

ನಮ್ಮ ಶಾಖೆಯಲ್ಲಿ ಕ್ಯಾಷಿಯರ್ ಒಬ್ಬರಿದ್ದರು. ಅವರಿಗೆ ಹೊಟ್ಟೆಯಲ್ಲಿ ಹುಣ್ಣು. ಡ್ರಾಯರಿನಲ್ಲಿ ಸದಾ ಒಂದು ಫ್ಲಾಸ್ಕ್ ತಣ್ಣನೆಯ ಹಾಲು. "ಎಲ್ಲ ಕ್ಯಾಷಿನ ಟೆನ್ಷನ್ನಪ್ಪಾ" ಎಂದು ನಾವೆಲ್ಲ ಹೇಳುತ್ತಿದ್ದೆವು. ಡಾಕ್ಟರುಗಳೂ ಆಗ ಬಹುಮಟ್ಟಿಗೆ ಹಾಗೆಯೇ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು, ಇಂಥ ಹುಣ್ಣಿಗೆ ಹೆಚ್ಚಾಗಿ ಒಂದು ಬ್ಯಾಕ್ಟೀರಿಯಾ ಕಾರಣ ಎಂದರು. ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಕ್ಯಾಷಿಯರಿಗೆ ಟೆನ್ಷನ್ ಇರಲಿಲ್ಲ ಎಂದಲ್ಲ. ಕಾರಣ ಗೊತ್ತಿಲ್ಲದಾಗ ನಾವು ನೋಯುವವನ ಮನಸ್ಸಿನ ಮೇಲೆ ತಪ್ಪು ಹಾಕಿ ಕೈತೊಳೆದುಕೊಂಡೆವು, ಅಷ್ಟೆ.

ಹೀಗಿರುವಾಗ ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿದೆವು. ಈ ಸಲ ಪಿತ್ತಕೋಶದಲ್ಲಿ ಒಂದು ಸಣ್ಣ ಕಲ್ಲು ಕಂಡಿತು. ಮೊದಲು ತೆಗೆದ ಸಿ.ಟಿ.ಯಲ್ಲಿ ಅದು ಕಂಡಿರಲಿಲ್ಲ. ಪಿತ್ತಕೋಶದ ಕೆಲವು ಕಲ್ಲು ಸಿ.ಟಿ.ಯಲ್ಲಿ ಕಾಣುವುದೇ ಇಲ್ಲವಂತೆ. ಮನೆಯಲ್ಲಿ ಹಬ್ಬದ ವಾತಾವರಣ! ಕೊನೆಗೂ ಕಳ್ಳ ಸಿಕ್ಕಿದ. "ಪಿತ್ತಕೋಶ ತೆಗೆದುಬಿಡೋಣ, ಸಣ್ಣ ಆಪರೇಷನ್, ಎರಡು ಮೂರು ದಿನದಲ್ಲಿ ಮನೆಗೆ ಹೋಗಬಹುದು" ಎಂದರು. ದಸರಾ ಮುಗಿದ ಮೇಲಿನ ಒಂದು ಬುಧವಾರಕ್ಕೆ ದಿನ ಗೊತ್ತಾಯಿತು. ನಾನೂ ಒಪ್ಪಿದೆ. ಹತ್ತು ತಿಂಗಳು ನೋವು ತಿಂದವನು ಹೆಸರಿರುವ ಯಾವ ಕಾಯಿಲೆಯನ್ನಾದರೂ ಒಪ್ಪಿಕೊಳ್ಳುತ್ತಾನೆ.

ಈಗ ಪುಟ್ಟಿಯ ವಿಷಯ ಹೇಳಬೇಕು. ಪುಟ್ಟಿ ನನ್ನ ಮೊಮ್ಮಗಳು, ಆಗ ನಾಲ್ಕನೆಯ ತರಗತಿ. ನನ್ನ ನೋವು ಶುರುವಾಗುವುದಕ್ಕೆ ಕೆಲವು ತಿಂಗಳು ಮುಂಚೆ ಅವಳಿಗೂ ಬೆಳಗಿನ ಹೊತ್ತು ಹೊಟ್ಟೆನೋವು ಬರುತ್ತಿತ್ತು. ಅದೂ ಸ್ಕೂಲ್ ವ್ಯಾನ್ ಬರುವುದಕ್ಕೆ ಅರ್ಧ ಗಂಟೆ ಮುಂಚೆ. ಭಾನುವಾರ ಇಲ್ಲ. ಮೂವತ್ತಾರು ವರ್ಷ ಕಳ್ಳ ಸಹಿ, ಹರಿದ ನೋಟು ಹಿಡಿದ ನನ್ನ ಕಣ್ಣಿಗೆ ಇದು ಮೋಸವೆಂದು ತಕ್ಷಣ ಹೊಳೆಯಿತು. ಗದರಲಿಲ್ಲ, ಬುದ್ಧಿವಂತಿಕೆ ತೋರಿಸಿದೆ. ಒಂದು ರಾತ್ರಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಗನ್ನಾಥದಾಸರ ಕಥೆ ಹೇಳಿದೆ.

ಹಿರಿಯರಿಗೆ ಈ ಕಥೆ ಗೊತ್ತಿರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಈಗಿನ ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ದೊಡ್ಡ ಪಂಡಿತರಿದ್ದರು. ವಿಜಯದಾಸರು ಊರಿಗೆ ಬಂದು ಪ್ರಸಾದಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಯಲ್ಲಿ ಕೂರಲು ಮನಸ್ಸಿಲ್ಲದೆ, ಹೊಟ್ಟೆನೋವೆಂದು ನೆಪ ಹೇಳಿ ಕಳುಹಿಸಿದರಂತೆ. ಆಮೇಲೆ ನಿಜವಾಗಿಯೇ ಹೊಟ್ಟೆಶೂಲೆ ಹಿಡಿಯಿತು. ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರಲ್ಲಿಗೆ ಬಂದು ತಪ್ಪೊಪ್ಪಿಕೊಂಡಾಗ ಅವರು ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷವನ್ನು ಧಾರೆಯೆರೆದರು ಎಂದು ಹೇಳುತ್ತಾರೆ. ಆ ಪಂಡಿತರೇ ಜಗನ್ನಾಥದಾಸರಾಗಿ ಕನ್ನಡದಲ್ಲಿ ಹರಿಕಥಾಮೃತಸಾರ ಬರೆದರು.

ಕಥೆ ಮುಗಿಸಿ, "ನೋಡಿದೆಯಾ ಪುಟ್ಟಿ, ಸುಳ್ಳು ಹೊಟ್ಟೆನೋವು ಹೇಳಿದರೆ ಏನಾಗತ್ತೆ?" ಎಂದೆ. ಅವಳು ದೊಡ್ಡ ಕಣ್ಣು ಬಿಟ್ಟು ನೋಡಿದಳು. ಮರುದಿನದಿಂದ ಹೊಟ್ಟೆನೋವಿನ ಮಾತೇ ಇಲ್ಲ. "ಒಂದೇ ಕಥೆಯಲ್ಲಿ ವಾಸಿ ಮಾಡಿದೆ" ಎಂದು ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ನನ್ನ ನೋವು ಬಂದ ಮೇಲೆ ನಾನೊಂದು ನೋಟ್ ಪುಸ್ತಕ ಇಟ್ಟಿದ್ದೆ. ಲೆಡ್ಜರಿನ ಹಾಗೆ ಗೆರೆ ಎಳೆದು ತಾರೀಖು, ವೇಳೆ, ಏನು ತಿಂದೆ, ನೋವು ಹತ್ತಕ್ಕೆ ಎಷ್ಟು ಎಂದು ಬರೆಯುತ್ತಿದ್ದೆ. ಇದೇನೂ ನನ್ನ ಹೊಸ ಉಪಾಯವಲ್ಲ. ಚಾರ್ಲ್ಸ್ ಡಾರ್ವಿನ್ ಹೊಟ್ಟೆಯ ತೊಂದರೆಯಿಂದ ದಶಕಗಟ್ಟಲೆ ನರಳಿದ ಮನುಷ್ಯ. 1849ರಿಂದ 1855ರ ತನಕ ಅವನೂ ಆರೋಗ್ಯದ ದಿನಚರಿ ಇಟ್ಟಿದ್ದ. ತಣ್ಣೀರಿನ ಚಿಕಿತ್ಸೆ ಎಂದು ಒದ್ದೆ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದೂ ಉಂಟು. ಅವನ ಕಾಯಿಲೆ ಏನೆಂದು ಇಂದಿಗೂ ವೈದ್ಯರು ಚರ್ಚೆ ಮಾಡುತ್ತಾರೆ, ಒಮ್ಮತವಿಲ್ಲ. ಆ ನೋವಿನ ನಡುವೆಯೇ 1859ರಲ್ಲಿ ಜೀವಜಾತಿಗಳ ಉಗಮದ ಪುಸ್ತಕ ಹೊರತಂದ. ನನಗೆ ಅಂಥ ದೊಡ್ಡ ಕೆಲಸವೇನೂ ಇರಲಿಲ್ಲ. ಒಂದು ಲೋಟ ಕಾಫಿ ಕುಡಿಯುವಂತಾದರೆ ಸಾಕಿತ್ತು.

ಪುಟ್ಟಿಗೆ ಆ ಪುಸ್ತಕದ ಮೇಲೆ ಬಹಳ ಪ್ರೀತಿ. ಒಂದು ಸಂಜೆ ಪಕ್ಕದಲ್ಲಿ ಕೂತು ಪುಟ ತಿರುವುತ್ತಾ, "ತಾತ, ಇದರಲ್ಲಿ ಒಂದು ಕಾಲಂ ಕಮ್ಮಿ ಇದೆ" ಎಂದಳು.

"ಯಾವುದು?"

"ನೀನು ಏನು ಮಾಡ್ತಿದ್ದೆ ಅಂತ. ಕುರ್ಚಿಯಿಂದ ಏಳುವಾಗ 'ಅಮ್ಮಾ' ಅಂತೀಯ. ಊಟ ಮಾಡುವಾಗ ಅನ್ನಲ್ಲ."

ನಾನು ನಕ್ಕುಬಿಟ್ಟೆ. ಆದರೆ ಅವಳೇ ಸ್ಕೇಲ್ ತಂದು ಐದನೆಯ ಗೆರೆ ಎಳೆದಳು. ಮುಂದಿನ ಹತ್ತು ದಿನ ಆ ಕಾಲಂ ಅವಳ ಕೈಬರಹದಲ್ಲೇ ತುಂಬಿತು. "ತಾತ ಹಾಸಿಗೆಯಿಂದ ಎದ್ದರು." "ತಾತ ಮಾರ್ಕೆಟ್ಟಿನ ಚೀಲ ಎತ್ತಿದರು." "ತಾತ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರು." "ತಾತ ಕೆಮ್ಮಿದರು." ತಿಂದದ್ದರ ಕಾಲಮ್ಮಿಗೂ ನೋವಿನ ಕಾಲಮ್ಮಿಗೂ ಹತ್ತು ತಿಂಗಳಲ್ಲಿ ಒಂದು ಸಲವೂ ತಾಳೆಯಾಗಿರಲಿಲ್ಲ. ಪುಟ್ಟಿಯ ಕಾಲಂ ಹತ್ತೇ ದಿನದಲ್ಲಿ ತಾಳೆಯಾಯಿತು.

ಆ ರಾತ್ರಿ ನನಗೆ ಹಿರಿಯ ಗುಮಾಸ್ತರ ಮಾತು ನೆನಪಾಯಿತು. ಸಿಕ್ಕಿದ ತಪ್ಪೂ ವ್ಯತ್ಯಾಸವೂ ಒಂದೇನಾ? ಪಿತ್ತಕೋಶ ಇರುವುದು ಬಲ ಪಕ್ಕೆಲುಬಿನ ಕೆಳಗೆ. ಅದರ ಕಲ್ಲಿನ ನೋವು ಹೆಚ್ಚಾಗಿ ಹೊಟ್ಟೆಯ ಮೇಲ್ಭಾಗದಲ್ಲಿ, ಜಿಡ್ಡಿನ ಊಟವಾದ ಮೇಲೆ ಬರುತ್ತದೆ ಎಂದು ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲೇ ಅಚ್ಚಾಗಿತ್ತು. ನನ್ನದು ಹೊಕ್ಕುಳಿನ ಪಕ್ಕ. ಅದೂ ಒಂದು ಬೆರಳ ತುದಿಯಲ್ಲಿ ಮುಚ್ಚಬಹುದಾದಷ್ಟು ಜಾಗ. ಊಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಪುಸ್ತಕ ಮುಚ್ಚುವ ಮುಂಚೆ ಇನ್ನೊಬ್ಬರ ಹತ್ತಿರ ತೋರಿಸೋಣ ಎಂದು ಮಗನಿಗೆ ಹೇಳಿದೆ. ಅವನಿಗೆ ಬೇಸರವಾಯಿತು, ಆದರೂ ಕರೆದುಕೊಂಡು ಹೋದ. ಸಂಜೆ ಎರಡು ಗಂಟೆ ಮಾತ್ರ ಕೂರುವ ಹಿರಿಯ ಸರ್ಜನ್ ಒಬ್ಬರು. ನಮ್ಮ ಮೈಸೂರು ಮೆಡಿಕಲ್ ಕಾಲೇಜಿನಲ್ಲೇ ಓದಿದವರು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಕಾಲೇಜು ಅದು. ಕೆ.ಆರ್. ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿತದ್ದೇ ತಮ್ಮ ಆಸ್ತಿ ಎನ್ನುತ್ತಿದ್ದರು.

ಅವರು ನನ್ನ ದಪ್ಪ ಫೈಲನ್ನು ಮೊದಲು ಬಿಡಿಸಲೇ ಇಲ್ಲ. "ಫೈಲ್ ಆಮೇಲೆ ನೋಡೋಣ. ನೀವು ಹೇಳಿ ರಾಯರೇ, ಮೊದಲಿಂದ" ಎಂದು ಕುರ್ಚಿಗೆ ಒರಗಿ ಕೂತರು. ಹತ್ತು ತಿಂಗಳಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ನಾನು ಹೇಳಿದೆ. ನೋಟ್ ಪುಸ್ತಕ ಕೊಟ್ಟೆ. ಐದನೆಯ ಕಾಲಂ ಓದುತ್ತಾ ಅವರ ಮುಖದಲ್ಲಿ ನಗು ಬಂತು. "ಇದನ್ನ ಯಾರು ಬರೆದದ್ದು?" ಎಂದರು.

ಮಂಚದ ಮೇಲೆ ಅಂಗಾತ ಮಲಗಿಸಿದರು. "ಎಲ್ಲಿ ನೋವು, ಒಂದೇ ಬೆರಳಲ್ಲಿ ತೋರಿಸಿ." ತೋರಿಸಿದೆ. ಅವರು ಅಲ್ಲೇ ಬೆರಳಿಟ್ಟು ಒತ್ತಿದರು. ನೋಯಿತು. ಬೆರಳು ತೆಗೆಯದೆ, "ಈಗ ಕೈ ಎದೆ ಮೇಲೆ ಕಟ್ಟಿಕೊಂಡು ತಲೆ, ಭುಜ ಸ್ವಲ್ಪ ಮೇಲೆತ್ತಿ" ಎಂದರು. ಎತ್ತಿದೆ. ಬಾಯಿಂದ "ಅಮ್ಮಾ" ಬಂತು. ನೋವು ಎರಡರಷ್ಟಾಗಿತ್ತು.

"ಸಾಕು, ಮಲಗಿ. ನೋವು ಹೊಟ್ಟೆಯ ಒಳಗಿಲ್ಲ ರಾಯರೇ, ಗೋಡೆಯಲ್ಲಿದೆ."

ಆಮೇಲೆ ವಿವರಿಸಿ ಹೇಳಿದರು. ತಲೆ ಎತ್ತಿದಾಗ ಹೊಟ್ಟೆಯ ಸ್ನಾಯು ಬಿಗಿಯಾಗುತ್ತದೆ. ನೋವು ಒಳಗಿನ ಅಂಗದ್ದಾದರೆ ಬಿಗಿಯಾದ ಸ್ನಾಯು ಗುರಾಣಿಯ ಹಾಗೆ ಅಡ್ಡ ನಿಲ್ಲುತ್ತದೆ, ಒತ್ತಿದರೂ ನೋವು ಕಡಿಮೆ ಅನ್ನಿಸುತ್ತದೆ. ನೋವು ಆ ಸ್ನಾಯುವಿನದೇ, ಅಲ್ಲಿ ಹಾದುಹೋಗುವ ನರದ್ದೇ ಆದರೆ ಹೆಚ್ಚುತ್ತದೆ. 1926ರಲ್ಲಿ ಕಾರ್ನೆಟ್ ಎಂಬ ಅಮೆರಿಕದ ಶಸ್ತ್ರವೈದ್ಯರು ಇದನ್ನು ಬರೆದಿಟ್ಟರು. ಬೇಕಾದದ್ದು ಒಂದು ಬೆರಳು, ಒಂದು ನಿಮಿಷ. ಖರ್ಚು ಏನೂ ಇಲ್ಲ.

ಬೆನ್ನುಮೂಳೆಯ ಹತ್ತಿರದಿಂದ ಹೊರಟ ನರಗಳು ಪಕ್ಕೆಯನ್ನು ಸುತ್ತಿಕೊಂಡು ಹೊಟ್ಟೆಯ ಮುಂಭಾಗಕ್ಕೆ ಬರುತ್ತವೆ. ಅಲ್ಲಿ ಉದ್ದುದ್ದ ಇರುವ ಸ್ನಾಯುವಿನೊಳಗೆ ಒಂದು ಸಣ್ಣ ಕಂಡಿಯಲ್ಲಿ ನುಸುಳಿ, ಥಟ್ಟನೆ ತಿರುಗಿ ಚರ್ಮದ ಕಡೆ ಬರುತ್ತವೆ. ಆ ತಿರುವಿನಲ್ಲಿ ನರ ಸಿಕ್ಕಿಕೊಂಡರೆ ಇಂಥ ನೋವು. ಬಾಗಿಲ ಸಂದಿಗೆ ಸಿಕ್ಕಿದ ಸೀರೆಯ ಸೆರಗಿನ ಹಾಗೆ. ಪ್ರತಿ ಸಲ ಎದ್ದಾಗಲೂ, ಬಗ್ಗಿದಾಗಲೂ ಜಗ್ಗುತ್ತದೆ. ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಇದು ಕಾಣುವುದಿಲ್ಲ.

"ಹಾಗಾದರೆ ಈ ಪರೀಕ್ಷೆಗಳೆಲ್ಲ ದಂಡವೇ?" ಎಂದೆ.

"ಖಂಡಿತ ಅಲ್ಲ. ನಿಮ್ಮ ವಯಸ್ಸಿನಲ್ಲಿ ಹೊಸದಾಗಿ ಹೊಟ್ಟೆನೋವು ಬಂದರೆ ಒಳಗೆ ನೋಡಲೇಬೇಕು. ನೋಡದೆ ನಾನೂ ಹೀಗೆ ಹೇಳುತ್ತಿರಲಿಲ್ಲ. ಆದರೆ ಒಳಗೆ ಏನೂ ಇಲ್ಲ ಅಂದಮೇಲೆ ಗೋಡೆಯನ್ನೂ ನೋಡಬೇಕಲ್ಲ. ಇನ್ನು ಆ ಕಲ್ಲು, ಎಷ್ಟೋ ಜನರ ಹೊಟ್ಟೆಯಲ್ಲಿ ಅದು ಏನೂ ತೊಂದರೆ ಕೊಡದೆ ಜೀವಮಾನವೆಲ್ಲ ಸುಮ್ಮನಿರುತ್ತೆ. ತೊಂದರೆ ಕೊಟ್ಟರೆ ಆಗ ನೋಡೋಣ."

ಅದೇ ಜಾಗಕ್ಕೆ ಮರಗಟ್ಟಿಸುವ ಔಷಧಿಯ ಇಂಜೆಕ್ಷನ್ ಕೊಟ್ಟರು. ರೋಗ ಅದೇ ಹೌದೋ ಅಲ್ಲವೋ ತಿಳಿಯುವುದೂ ಅದರಿಂದಲೇ, ಚಿಕಿತ್ಸೆಯೂ ಅದೇ. ಹತ್ತು ನಿಮಿಷ ಬಿಟ್ಟು "ಏಳಿ" ಎಂದರು. ನಾನು ಅಭ್ಯಾಸದಂತೆ ಹಲ್ಲು ಕಚ್ಚಿಕೊಂಡು ಎದ್ದೆ. ನೋವಿಲ್ಲ. ಮತ್ತೆ ಮಲಗಿ, ಮತ್ತೆ ಎದ್ದೆ. ಇಲ್ಲ! ಎಪ್ಪತ್ತು ದಾಟಿದವನು ಚಿಕ್ಕ ಹುಡುಗನ ಹಾಗೆ ಮೂರು ಸಲ ಮಲಗಿ ಎದ್ದದ್ದನ್ನು ನೋಡಿ ಮಗ ಮುಖ ಆ ಕಡೆ ತಿರುಗಿಸಿಕೊಂಡ. ಆಮೇಲೆ ಕಾರಿನಲ್ಲಿ, "ಅಪ್ಪ, ಟೆನ್ಷನ್ ಅಂದುಬಿಟ್ಟೆನಲ್ಲ" ಎಂದ. "ಬಿಡಪ್ಪ, ನಾನೂ ಹಾಗೇ ಅಂದುಕೊಳ್ಳೋಕೆ ಶುರು ಮಾಡಿದ್ದೆ" ಎಂದೆ.

ಒಂದೇ ಇಂಜೆಕ್ಷನ್ನಿಗೆ ಎಲ್ಲ ಮುಗಿಯಲಿಲ್ಲ. ಮೂರು ವಾರದ ಮೇಲೆ ನೋವು ಮರಳಿತು, ಆದರೆ ಅರ್ಧದಷ್ಟು. ಇನ್ನೂ ಎರಡು ಸಲ ಚುಚ್ಚಿಸಿಕೊಂಡೆ. ಕೆಲವರಿಗೆ ಸಣ್ಣ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದಂತೆ, ನನಗೆ ಬೇಕಾಗಲಿಲ್ಲ. ಈಗ ಎಂದಾದರೊಮ್ಮೆ ಬಂದು ಮುಖ ತೋರಿಸಿ ಹೋಗುತ್ತದೆ. ಹೆಸರು ಗೊತ್ತಿರುವ ನೋವು ಅರ್ಧ ನೋವು. ಬುಧವಾರದ ಆಪರೇಷನ್ ರದ್ದಾಯಿತು. ಗುರುವಾರ ಬೆಳಿಗ್ಗೆ ಕಾಫಿ ಕುಡಿದೆ.

ಇಲ್ಲಿಗೆ ಮುಗಿಸಿದ್ದರೆ ಇದು ಸುಖಾಂತ್ಯದ ಕಥೆ. ಆದರೆ ಡಾಕ್ಟರ ಹತ್ತಿರದಿಂದ ಬಂದ ಆ ರಾತ್ರಿ ಪುಟ್ಟಿ ನನ್ನ ಪಕ್ಕ ಬಂದು ಕೂತಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾರಿಗೂ ಕೇಳಿಸಬಾರದೆಂಬಂತೆ ಕಿವಿಯಲ್ಲಿ ಕೇಳಿದಳು.

"ತಾತ, ನೀನು ಯಾರಿಗೆ ಸುಳ್ಳು ಹೇಳಿದ್ದೆ?"

ನನಗೆ ಅರ್ಥವಾಗಲಿಲ್ಲ. "ಯಾಕೆ ಪುಟ್ಟಿ?"

"ಸುಳ್ಳು ಹೇಳಿದ್ರೆ ತಾನೆ ನಿಜವಾದ ಹೊಟ್ಟೆನೋವು ಬರೋದು? ನಾನು ಸುಳ್ಳು ಹೇಳಿರಲಿಲ್ಲ ತಾತ. ಆದ್ರೂ ನಂಗೆ ಇನ್ನೂ ಬರತ್ತೆ."

ಗಂಟಲು ಕಟ್ಟಿತು. ಹತ್ತು ತಿಂಗಳು ನನ್ನನ್ನು ಯಾರೂ ನಂಬುತ್ತಿಲ್ಲವೆಂದು ಕೊರಗಿದವನು ನಾನು. ಅದಕ್ಕೂ ಮುಂಚಿನಿಂದ ಇದೇ ಮನೆಯಲ್ಲಿ ಒಂಬತ್ತು ವರ್ಷದ ಮಗು, ಯಾರೂ ನಂಬುವುದಿಲ್ಲವೆಂದು ತಿಳಿದು ಸುಮ್ಮನೆ ನೋವು ತಿಂದುಕೊಂಡು ವ್ಯಾನ್ ಹತ್ತುತ್ತಿತ್ತು. ನಾನು ವಾಸಿ ಮಾಡಿದ್ದು ಅವಳ ನೋವನ್ನಲ್ಲ, ಅವಳ ಬಾಯನ್ನು. ಜಗನ್ನಾಥದಾಸರ ಕಥೆಯಲ್ಲಿ ತಪ್ಪಿಲ್ಲ. ಅದು ದೊಡ್ಡವರ ಅಹಂಕಾರ ಕರಗಿದ ಕಥೆ. ಅದನ್ನು ಮಗುವನ್ನು ಹೆದರಿಸುವ ಕೋಲು ಮಾಡಿಕೊಂಡದ್ದು ನಾನು.

"ಇಲ್ಲ ಕಂದ, ನೋವಿಗೂ ಸುಳ್ಳಿಗೂ ಸಂಬಂಧ ಇಲ್ಲ. ತಾತ ತಪ್ಪು ಹೇಳಿದೆ" ಎಂದೆ. ಮೊಮ್ಮಗಳ ಮುಂದೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ನೋಟ್ ಪುಸ್ತಕ ಹಿಂದುಮುಂದು ಮಾಡಿ, ಕೊನೆಯ ಪುಟದಿಂದ ಅವಳ ಲೆಕ್ಕ ಶುರು ಮಾಡಿದೆವು. ಅವಳು ಹೇಳಿದಳು, ನಾನು ಬರೆದೆ.

ಎರಡು ವಾರದಲ್ಲಿ ಅದೂ ಟ್ಯಾಲಿ ಆಯಿತು. ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಒಮ್ಮೆ ಯಾರೋ ತಳ್ಳಿಕೊಂಡು ಒಳಗೆ ಬಂದಿದ್ದರು. ಅಂದಿನಿಂದ ಪುಟ್ಟಿ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಳು. ಹೋಗಬೇಕಾಗದಿರಲಿ ಎಂದು ನೀರನ್ನೇ ಕುಡಿಯುತ್ತಿರಲಿಲ್ಲ. ನಾವು ತುಂಬಿಸಿ ಕಳುಹಿಸಿದ ಬಾಟಲಿಯನ್ನು ವಾಪಸು ಬರುವಾಗ ವ್ಯಾನಿನ ಹತ್ತಿರದ ಗಿಡಕ್ಕೆ ಸುರಿಯುತ್ತಿದ್ದಳಂತೆ. ಬೆಳಿಗ್ಗೆ ಮನೆಯಲ್ಲಿ ಅವಸರ. ಹೀಗಾಗಿ ಮೂರು ನಾಲ್ಕು ದಿನಕ್ಕೊಮ್ಮೆ ಕಕ್ಕಸಿಗೆ ಹೋಗುತ್ತಿದ್ದಳು, ಅದೂ ಅಳುತ್ತಾ.

ಮಕ್ಕಳ ಡಾಕ್ಟರು ಪರೀಕ್ಷಿಸಿ, ಮಲಬದ್ಧತೆ ಎಂದರು. ಮಕ್ಕಳಲ್ಲಿ ಪದೇಪದೇ ಬರುವ ಹೊಟ್ಟೆನೋವಿಗೆ ಇದು ತೀರ ಸಾಮಾನ್ಯ ಕಾರಣವಂತೆ. ತಡೆಹಿಡಿದಷ್ಟೂ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ನೋಯುತ್ತದೆ, ನೋಯುತ್ತದೆಂದು ಮಗು ಮತ್ತೆ ತಡೆಯುತ್ತದೆ. ಮಲ ಮೆತ್ತಗಾಗಲು ಔಷಧಿ ಕೊಟ್ಟರು. ಒಂದೆರಡು ವಾರಕ್ಕೆ ನಿಲ್ಲಿಸಬೇಡಿ, ಕೆಲವು ತಿಂಗಳು ಬೇಕಾಗಬಹುದು ಎಂದರು. ನೀರು, ಹಣ್ಣು, ಸೊಪ್ಪು ಹೆಚ್ಚಾಗಲಿ. ತಿಂಡಿಯಾದ ಮೇಲೆ ಐದು ಹತ್ತು ನಿಮಿಷ, ಕಾಲ ಕೆಳಗೆ ಮಣೆ ಇಟ್ಟುಕೊಂಡು, ಅವಸರವಿಲ್ಲದೆ ಕೂರಲಿ. ಇದಕ್ಕಾಗಿ ಮನೆಯವರೆಲ್ಲ ಅರ್ಧ ಗಂಟೆ ಮುಂಚೆ ಏಳತೊಡಗಿದೆವು. ಪುಟ್ಟಿಯ ಮಣೆ ಅಂದರೆ ನಮ್ಮಮ್ಮ ಕೂತು ರೊಟ್ಟಿ ತಟ್ಟುತ್ತಿದ್ದ ಹಳೆಯ ಹಲಸಿನ ಮಣೆ.

ಸೊಸೆ ಮತ್ತು ಇನ್ನಿಬ್ಬರು ತಾಯಂದಿರು ಶಾಲೆಗೆ ಹೋಗಿ ಮಾತಾಡಿದರು. ಮುಖ್ಯೋಪಾಧ್ಯಾಯಿನಿಯವರಿಗೆ ವಿಷಯವೇ ಗೊತ್ತಿರಲಿಲ್ಲ. ವಾರದೊಳಗೆ ಚಿಲಕ ಬಂತು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲಿ ಎಂದೇ ಗಂಟೆ ಬಾರಿಸುವ ಕ್ರಮ ತಂದ ಸುದ್ದಿ ಓದಿದ್ದೆ. ಒಳ್ಳೆಯ ಕೆಲಸ. ಆದರೆ ಗಂಟೆಯ ಜೊತೆಗೆ ಚಿಲಕವೂ ಇರಬೇಕು.

ಎರಡು ಹೊಟ್ಟೆನೋವಿನಿಂದ ನಾನು ಕಲಿತದ್ದನ್ನು ನನ್ನ ಓರಗೆಯವರಿಗೂ ಮಕ್ಕಳಿಗೂ ಹೇಳಿಬಿಡುತ್ತೇನೆ. ನೋವು ಎಲ್ಲಿ, ಯಾವಾಗ, ಎಷ್ಟು ಹೊತ್ತು, ಆಗ ಏನು ಮಾಡುತ್ತಿದ್ದಿರಿ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ, ಇವನ್ನು ಬರೆದಿಟ್ಟುಕೊಂಡು ಡಾಕ್ಟರ ಬಳಿಗೆ ಹೋಗಿ. ಮಲದಲ್ಲಿ ರಕ್ತ ಅಥವಾ ಮಲ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ಬಿಡದ ವಾಂತಿ, ಕಣ್ಣು ಹಳದಿಯಾಗುವುದು, ಮಲಗಿದ್ದವರನ್ನು ಎಬ್ಬಿಸುವಂಥ ನೋವು, ಇವುಗಳಲ್ಲಿ ಒಂದಿದ್ದರೂ ನೋಟ್ ಪುಸ್ತಕ ಬರೆಯುತ್ತಾ ಕೂರದೆ ತಕ್ಷಣ ತೋರಿಸಿ. ಮಂಚದ ಮೇಲೆ ಮಲಗಿ ತಲೆ ಎತ್ತಿ ನೋಡಿ ನಿಮಗೆ ನೀವೇ ಡಾಕ್ಟರಾಗಬೇಡಿ. ಅದರ ಅರ್ಥ ಹೇಳಲು ಕಲಿತವರ ಬೆರಳೇ ಬೇಕು.

ಮಕ್ಕಳೇ, ನೋಯುತ್ತಿದ್ದರೆ ಹೇಳಿ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ತಾತ ಅಜ್ಜಿಯರೇ, ಮಗು ಹೊಟ್ಟೆನೋವು ಎಂದರೆ ಶಾಲೆಗೆ ಚಕ್ಕರ್ ಎಂದು ನಗುವ ಮುಂಚೆ ಒಂದು ಪುಟ ತೆರೆಯಿರಿ. ಒಂದು ವೇಳೆ ಅದು ನೆಪವೇ ಆಗಿದ್ದರೂ, ಶಾಲೆಗೆ ಹೋಗಲು ಮಗು ಯಾಕೆ ಅಷ್ಟು ಹೆದರುತ್ತಿದೆ ಎನ್ನುವುದೂ ಹುಡುಕಬೇಕಾದ ವ್ಯತ್ಯಾಸವೇ.

ನೋಟ್ ಪುಸ್ತಕ ಈಗ ಫ್ರಿಜ್ಜಿನ ಮೇಲಿದೆ. ಮನೆಯಲ್ಲಿ ಯಾರಿಗೆ ಏನು ನೋವಾದರೂ ಅದರಲ್ಲಿ ಬರೆಯಬೇಕೆಂಬುದು ಪುಟ್ಟಿಯ ಕಾನೂನು. ನನ್ನಾಕೆಯ ಮಂಡಿನೋವಿಗೂ ಒಂದು ಪುಟ ಸಿಕ್ಕಿದೆ. ನನ್ನ ಪುಟದಲ್ಲಿ ಮೊನ್ನೆ ಅವಳೇ ಬರೆದದ್ದು ಹೀಗಿದೆ: "ತಾತ ಕುರ್ಚಿಯಿಂದ ಎದ್ದರು. ಅಮ್ಮಾ ಅಂದರು. ನೋವು ಸೊನ್ನೆ. ಬರೀ ಅಭ್ಯಾಸ."